ಕಟ್ಟಕಡೆಯ ಬೈಕು

‘ಕಾಯಿಲೆಯ ವಿರುದ್ಧ ವೀರೋಚಿತವಾಗಿ ಹೋರಾಡಿ ಕೊನೆಗೂ ಸೋತರು’ ಎಂದು ನಮ್ಮ ಬೈಕ್ ಗುಂಪಿನ ಮೊಬೈಲ್ ಸಂದೇಶದಲ್ಲಿ ಯಾರೋ ಬರೆದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅಂಗಡಿಯಲ್ಲಿ ಕೂತು ಎರಡು ಸಲ ಓದಿದೆ. ಮೂರನೆಯ ಸಲ ಓದುವಷ್ಟರಲ್ಲಿ ಸಿಟ್ಟು ಬಂದಿತ್ತು. ಅವರು ಸೋತದ್ದನ್ನು ನಾನಂತೂ ಕಂಡಿಲ್ಲ. ಸತ್ತರು, ಹೌದು. ಸಾಯುವುದು ಬೇರೆ, ಸೋಲುವುದು ಬೇರೆ. ಇಷ್ಟು ತಿಳಿಯದವರು ಅವರ ಬಗ್ಗೆ ಬರೆಯುವುದಕ್ಕಿಂತ, ಬರೆದು ಅಭ್ಯಾಸವಿಲ್ಲದ ನಾನೇ ಬರೆಯುವುದು ಮೇಲು.

ಹೆಸರು ಹೇಳುವುದಿಲ್ಲ. ರೇಡಿಯೋದಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಅವರಿಗೆ ಆಗುತ್ತಿರಲಿಲ್ಲ. “ಗಾಳೀಲಿ ಹೆಸರು ಬೇಡ, ನಂಬರ್ ಸಾಕು. ನಿಮ್ಮ ಹೆಸರು ಊರಿಗೆಲ್ಲಾ ಯಾಕೆ ಗೊತ್ತಾಗ್ಬೇಕು?” ಎನ್ನುತ್ತಿದ್ದರು. ಭಾನುವಾರದ ಬೆಳಿಗ್ಗೆ ಟಾರು ರಸ್ತೆ ಬಿಟ್ಟು, ಕನಕಪುರದಾಚೆಯ ಗುಡ್ಡ, ಹಳ್ಳ, ಹಳೆಯ ಕಲ್ಲುಕ್ವಾರಿಗಳ ಹಾದಿಯಲ್ಲಿ ಬೈಕು ಓಡಿಸುವ ಒಂಬತ್ತು ಜನರ ಗುಂಪು ನಮ್ಮದು. ಅದರಲ್ಲಿ ನಾನು ನಾಲ್ಕು. ಅವರು ಒಂಬತ್ತು. ಎಲ್ಲರಿಗಿಂತ ಹಿಂದೆ ಬರುವ ಬೈಕು ಅವರದು. ಮುಂದಿನವರು ಯಾರೇ ಬಿದ್ದರೂ, ಯಾರ ಚಕ್ರವೇ ಕೈಕೊಟ್ಟರೂ ಹಿಂದಿನಿಂದ ಒಬ್ಬರು ಬಂದೇ ಬರುತ್ತಾರೆ ಎಂಬ ಧೈರ್ಯ ನಮಗೆ ಅವರಿಂದ.

ಅವರನ್ನು ಮೊದಲು ನೋಡಿದ್ದು ನನ್ನ ಅಂಗಡಿಯಲ್ಲೇ. ಮಾಮೂಲ್‌ಪೇಟೆಯಲ್ಲಿ ನಮ್ಮದು ಹಗ್ಗ, ಟಾರ್ಪಾಲು, ಗೋಣಿದಾರದ ವ್ಯಾಪಾರ, ಅಜ್ಜನ ಕಾಲದ್ದು. ಎಂಟು ವರ್ಷದ ಹಿಂದೆ, ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ನೂಲಿನ ಸೀರೆಯುಟ್ಟು, ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ, ಐವತ್ತು ದಾಟಿದ ಗಿಡ್ಡನೆಯ ಹೆಂಗಸೊಬ್ಬರು ಬಂದು, ನೇತುಹಾಕಿದ್ದ ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡತೊಡಗಿದರು.

“ಏನಕ್ಕೆ ಮೇಡಂ? ಬಟ್ಟೆ ಒಣಗ್ಹಾಕೋಕಾ?”

“ಎಳೆಯೋಕೆ.”

“ಎಷ್ಟು ಭಾರ?”

“ನೂರ ಮೂವತ್ತು ಕೇಜಿ. ಕೆಲವು ಸಲ ಮೇಲೆ ನಾನೂ ಇರ್ತೀನಿ.”

“ಹಸುನಾ?”

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. “ಹಸು ಮೇಲೆ ನಾನ್ಯಾಕ್ರೀ ಕೂತ್ಕೊಳ್ಲಿ? ಬೈಕು. ಹಳ್ಳಕ್ಕೆ ಬಿದ್ರೆ ಮೇಲಕ್ಕೆ ಎಳೀಬೇಕು.”

ನಾನು ನಕ್ಕೆ. ಅವರು ನಗಲಿಲ್ಲ. ಹಗ್ಗ ಆರಿಸಿಕೊಂಡು ಹೊರಡುವಾಗ ಬಾಗಿಲ ಬಳಿ ನಿಂತಿದ್ದ ನನ್ನ ಬೈಕನ್ನು ಸುತ್ತು ಹಾಕಿ ನೋಡಿ, “ಭಾನುವಾರ ಏನ್ಮಾಡ್ತೀರಾ?” ಎಂದು ಕೇಳಿದರು.

“ನಿದ್ದೆ ಮೇಡಂ.”

“ಸತ್ಮೇಲೆ ಮಾಡೋದೂ ಅದನ್ನೇ. ಬಂದ್ಬಿಡಿ.”

ಹೋಗಿಬಿಟ್ಟೆ. ಆಗ ನನಗೆ ನಲವತ್ತೊಂದು ವರ್ಷ. ಅಂಗಡಿಯ ಗಾದಿ ಬಿಟ್ಟು ಬೇರೆ ಎಲ್ಲಿಯೂ ಸರಿಯಾಗಿ ಕೂತವನಲ್ಲ.

ಅವರ ಮನೆ ಗವಿಪುರದ ಒಂದು ಸಣ್ಣ ಓಣಿಯಲ್ಲಿ. ಎರಡು ಕೋಣೆ, ಮೇಲೊಂದು ತಾರಸಿ. ಅವರು ಮತ್ತು ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತರಾದ ಅವರ ತಂಗಿ, ಇಬ್ಬರೇ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಟೆಲಿಫೋನ್ ಕಂಬದ ಅರ್ಧಕ್ಕೆ ಹತ್ತಿ ನಿಂತು ಕೆಳಗೆ ನೋಡಿ ನಗುತ್ತಿರುವ ಅವರ ತಂದೆಯ ಫೋಟೋ. ತಂದೆ ಲೈನ್‌ಮನ್ ಆಗಿದ್ದವರು.

“ಬಸವನಗುಡೀಲಿ ಅರ್ಧ ತಂತಿ ನಮ್ಮಪ್ಪ ಎಳೆದಿದ್ದು,” ಎಂದಿದ್ದರು ಒಮ್ಮೆ. “ಮಳೆ ಬಂದು ಫೋನ್ ಸತ್ರೆ, ‘ಬೇಗ ಬಾರಪ್ಪಾ’ ಅಂತ ಹೇಳಿ ಕಳಿಸೋರು. ರಿಪೇರಿ ಆದ್ಮೇಲೆ ನೀರು ಕೇಳಿದ್ರೆ ಗೇಟ್ ಹತ್ರಾನೇ ನಿಲ್ಸಿ, ಬೊಗಸೆಗೆ ಮೇಲಿಂದ ಹುಯ್ಯೋರು. ಎಲ್ಲರ ಮನೆ ಒಳಕ್ಕೂ ಮಾತು ಮುಟ್ಟಿಸ್ದ. ಅವನು ಮಾತ್ರ ಗೇಟ್ ದಾಟ್ಲಿಲ್ಲ.” ಇದನ್ನು ಅವರು ದನಿ ಎತ್ತಿಯೂ ಹೇಳಲಿಲ್ಲ, ತಗ್ಗಿಸಿಯೂ ಹೇಳಲಿಲ್ಲ. ತೊಡೆಯ ಮೇಲೆ ನನ್ನ ಹೆಲ್ಮೆಟ್ ಇಟ್ಟುಕೊಂಡು ಸ್ಕ್ರೂ ಬಿಗಿಯುತ್ತಾ ಹೇಳಿದರು. “ಅದಕ್ಕೇ ನೋಡಿ, ಯಾರಾದ್ರೂ ‘ನೀನು ಇಲ್ಲೇ ನಿಂತ್ಕೋ’ ಅಂದ್ರೆ ನನ್ನ ಕಾಲು ತಾನಾಗೇ ಮುಂದಕ್ಕೆ ಹೋಗುತ್ತೆ.”

ತಂದೆ ಕಂಬ ಹತ್ತಿದ ಇಲಾಖೆಯಲ್ಲೇ ಅವರು ತಂತಿ ಕಚೇರಿಗೆ ಸೇರಿದ್ದರು. ಟಕ್ ಟಕಾ ಎನ್ನುವ ತಂತಿಭಾಷೆಯನ್ನು ನಿದ್ದೆಯಲ್ಲೂ ಬಿಡಿಸಬಲ್ಲವರಾಗಿದ್ದರು. ತಂತಿ ಸೇವೆ ನಿಂತಾಗ ಅವರನ್ನು ಕಡತಗಳ ಮೇಜಿಗೆ ಹಾಕಿದರು. ಒಂದು ವರ್ಷ ಕೂತು ನೋಡಿ, ಎದ್ದು ಬಂದರು. ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋದ ಪರವಾನಗಿ ಪಡೆದರು. ಅದೇ ವರ್ಷ ಬೈಕನ್ನೂ ಕೊಂಡರು. ಅದು ಎತ್ತರದ ಬೈಕು. ಅವರಿಗೆ ಎರಡೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಿಲ್ಲಿಸುವ ಮುಂಚೆ ಸುತ್ತ ಕಣ್ಣಾಡಿಸಿ ಕಾಲೂರಲು ಒಂದು ಕಲ್ಲು ಹುಡುಕಿಕೊಳ್ಳುತ್ತಿದ್ದರು. ಕಲ್ಲು ಸಿಗದಿದ್ದರೆ ನಿಲ್ಲಿಸುತ್ತಲೇ ಇರಲಿಲ್ಲ.

ನಮಗೆಲ್ಲ ರೇಡಿಯೋ ಕಟ್ಟಿಕೊಟ್ಟವರು ಅವರೇ. ಪರವಾನಗಿ ಬೇಡದ, ಅಂಗೈಯಗಲದ ವಾಕಿಟಾಕಿ. ಅದರಿಂದ ಹೆಲ್ಮೆಟ್ಟಿನೊಳಕ್ಕೆ ಒಂದು ವೈರು. ಕಿವಿಗೆ ಚಪ್ಪಟೆ ಸ್ಪೀಕರು, ತುಟಿಯ ಮುಂದೆ ಮೈಕು. ಮಾತಾಡಲು ಒತ್ತುವ ಗುಂಡಿ ಎಡಗೈ ಹಿಡಿಕೆಯ ಮೇಲೆ, ಹೆಬ್ಬೆರಳಿಗೆ ಸಿಗುವ ಹಾಗೆ. ಗುಂಪಿನ ನಾಯಕ, ಅಂದರೆ ಒಂದನೇ ನಂಬರಿನವನು, ಬಸವನಗುಡಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ವ್ಯವಹಾರದವನು. ಅವನು ವೈರೇ ಇಲ್ಲದ ಹೊಸ ಸಾಧನ ತರಿಸಿಕೊಂಡಿದ್ದ. ಅದರಲ್ಲಿ ಗುಂಡಿ ಒತ್ತದೆ ಮನೆಯಲ್ಲಿ ಕೂತಂತೆ ಹರಟಬಹುದಿತ್ತು. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಚೆನ್ನಾಗಿದೆ. ಗುಡ್ಡ ಅಡ್ಡ ಬರೋವರ್ಗೂ,” ಎಂದು ವಾಪಸು ಕೊಟ್ಟರು. ಎರಡನೇ ತಿರುವಿಗೆ ಗುಡ್ಡ ಅಡ್ಡ ಬಂತು, ಅವನ ಸಾಧನ ಮೂಕಾಯಿತು.

ನಮ್ಮ ಹೆಲ್ಮೆಟ್ ಬಿಚ್ಚಿಕೊಂಡು ಕೂತರೆ ಅವರು ಬೇರೆಯೇ ಮನುಷ್ಯ. ಒಳಗಿನ ಸ್ಪಂಜನ್ನು ಎಬ್ಬಿಸಿ, ನಮ್ಮ ಕಿವಿಯನ್ನು ಬೆರಳಿನಿಂದ ಅಳೆದು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸ್ಪೀಕರು ಕೂರಿಸುವರು. ರೇಡಿಯೋವನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡವನಿಗೆ ಬೈಗುಳ ಗ್ಯಾರಂಟಿ. “ಬಿದ್ರೆ ಅದು ಪಕ್ಕೆಲುಬು ಮುರಿಯುತ್ತೆ. ಭುಜದ ಪಟ್ಟಿಗೆ ಕಟ್ಟಿ.” ಸೋಮವಾರ ಅವರ ತಾರಸಿಯಲ್ಲಿ ಸಂಡಿಗೆಯ ಸಾಲಿನ ಪಕ್ಕ ಹೆಲ್ಮೆಟ್ಟಿನ ಸ್ಪಂಜುಗಳೂ ಒಣಗುತ್ತಿದ್ದವು. ಅಂಟುವಾಳದಲ್ಲಿ ತೊಳೆದವು. ಪಕ್ಕದ ಮನೆಯಾಕೆ ಒಂದು ಸಲ, “ಇದ್ಯಾವ ಸಂಡಿಗೆ?” ಎಂದು ಕೇಳಿದ್ದರಂತೆ.

ಅವರ ದನಿ ದಪ್ಪ. ಪದ ಪದಕ್ಕೂ ನಡುವೆ ಜಾಗ ಬಿಟ್ಟು ಮಾತಾಡುತ್ತಿದ್ದರು. “ಒತ್ತಿ. ಒಂದು ಉಸಿರು ತಗೊಳ್ಳಿ. ಆಮೇಲೆ ಮಾತು. ಮುಗಿದ್ಮೇಲೆ ಇನ್ನೊಂದು ಉಸಿರು. ಆಮೇಲೆ ಬಿಡಿ.” ಇದು ಅವರ ಮೊದಲ ಪಾಠ. ಇದರ ಬೆಲೆ ನಮಗೆ ಗೊತ್ತಾಗಿದ್ದು ಐದನೇ ನಂಬರಿನವನು ಕೊರಕಲಿಗೆ ಬಿದ್ದ ದಿನ. ಮುಂದೆ ಹೋಗುತ್ತಿದ್ದ ಮೂರನೆಯವನು, ಮಣ್ಣು ಕುಸಿದದ್ದು ನೋಡಿ, “ಬಲಕ್ಕೆ ಬರಬೇಡಿ” ಎಂದ. ಗಾಬರಿಯಲ್ಲಿ ಗುಂಡಿ ಬೇಗ ಬಿಟ್ಟ. ಹಿಂದಿದ್ದ ಐದನೆಯವನಿಗೆ ಕೇಳಿಸಿದ್ದು “ಬಲಕ್ಕೆ ಬರ” ಅಷ್ಟೆ. ಬಲಕ್ಕೇ ಹೋದ. ಪುಣ್ಯಕ್ಕೆ ಭುಜದ ಮೂಳೆ ಮಾತ್ರ ಜರುಗಿತು.

ಅವತ್ತು ಸಂಜೆ ಎಲ್ಲರನ್ನೂ ಅವರ ನಡುಮನೆಯಲ್ಲಿ ಕೂರಿಸಿಕೊಂಡರು. “ನಮ್ಮ ಭಾಷೇಲಿ ‘ಬೇಡ’ ಅನ್ನೋದು ಕೊನೇಲಿ ಬರುತ್ತೆ. ಹೋಗಬೇಡಿ, ಬರಬೇಡಿ, ತಿರುಗಬೇಡಿ. ಬೆರಳು ಬೇಗ ಬಿಟ್ರೆ ‘ಬೇಡ’ ಸತ್ತೋಗುತ್ತೆ, ‘ಹೋಗು’ ಉಳ್ಕೊಳ್ಳುತ್ತೆ. ಇವತ್ತಿಂದ ಯಾರೂ ರೇಡಿಯೋದಲ್ಲಿ ‘ಬೇಡಿ’ ಅನ್ನಕೂಡದು. ‘ನಿಲ್ಲಿ’ ಅನ್ನಿ. ಒಂದೇ ಮಾತು.” ನನಗೆ ಕನ್ನಡ ಕಲಿಸಿದ ಮೇಷ್ಟರು ಯಾರೂ ಹೇಳದ ವ್ಯಾಕರಣ ಅದು.

ಆಮೇಲಿನ ಬೇಸಿಗೆಯಲ್ಲಿ ರೇಡಿಯೋದಲ್ಲಿ ಅವರ ದನಿ ಒಡೆಯತೊಡಗಿತು. ಕರಕರ ಎನ್ನುವುದು, ಮಾತಿನ ಮಧ್ಯೆ ಗಾಳಿ ಸೇರುವುದು. “ಮೇಡಂ, ನಿಮ್ ಮೈಕ್ ಹೋಗಿದೆ,” ಎಂದ ನಾಯಕ. ಮೈಕು ಬದಲಾಯಿಸಿದೆವು. ವೈರು ಬದಲಾಯಿಸಿದೆವು. ಕೊನೆಗೆ ರೇಡಿಯೋವನ್ನೇ ಬದಲಾಯಿಸಿದರೂ ಕರಕರ ಹೋಗಲಿಲ್ಲ. ಒಂದು ಭಾನುವಾರ ಬಂಡೆಯ ನೆರಳಲ್ಲಿ ಮೊಸರನ್ನ ತಿನ್ನುತ್ತಿದ್ದಾಗ, ಹೆಲ್ಮೆಟ್ ಇಲ್ಲದೆ, ಎದುರು ಕೂತು, ಅದೇ ಕರಕರ ದನಿಯಲ್ಲಿ ಅವರು ಹೇಳಿದರು: “ಮೈಕ್ ಸರಿಯಾಗೇ ಇದೆ ಕಣ್ರೀ. ಗಂಟಲು ತೋರಿಸ್ಬೇಕು.” ಅವರು ಊಟ ಮುಗಿಸಿ, ಕೈ ತೊಳೆದು, ಅವತ್ತಿನ ದಾರಿಯನ್ನೂ ಮುಗಿಸಿಯೇ ಮನೆಗೆ ಹೋದರು.

ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು. ಉಸಿರಾಟ ಇನ್ನು ಮೂಗಿನಿಂದಲ್ಲ, ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದ.

ಆಸ್ಪತ್ರೆಗೆ ನೋಡಲು ಹೋದಾಗ, ಬರೆದು ಗುಂಡಿ ಒತ್ತಿದರೆ ಅಳಿಸಿಹೋಗುವ ಮಕ್ಕಳ ಪ್ಲಾಸ್ಟಿಕ್ ಹಲಗೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಡಾಕ್ಟರು ತಂಗಿಗೆ ಹೇಳುತ್ತಿದ್ದರು: “ಇನ್ನು ಬೈಕ್ ಮರೆತುಬಿಡಿ ಅಂತ ಹೇಳಿ. ಧೂಳು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತೆ. ನೀರಿಗೆ ಬಿದ್ದರೆ ಪ್ರಾಣಕ್ಕೇ ಅಪಾಯ.” ಅವರು ಹಲಗೆಯ ಮೇಲೆ ಬರೆದು ಡಾಕ್ಟರಿಗೆ ಹಿಡಿದರು. ‘ನನಗೇ ಹೇಳಿ. ಕಿವಿ ತೆಗೆದಿಲ್ಲ.’ ಡಾಕ್ಟರು ಅವರ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದರು. ಅವರು ಬರೆದರು: ‘ಧೂಳಿಗೆ ಬಟ್ಟೆ ಕಟ್ತೀನಿ. ನೀರಿಗೆ ಇಳಿಯಲ್ಲ. ಬೇರೆ ಏನಾದ್ರೂ ಇದೆಯಾ?’

ನೀರಿಗೆ ಇಳಿಯುವುದಿಲ್ಲ ಎಂದವರು ಆಮೇಲೆ ಕೊನೆಯವರೆಗೂ ಇಳಿಯಲಿಲ್ಲ. ಪಾದ ಮುಳುಗುವಷ್ಟು ಹಳ್ಳ ಸಿಕ್ಕಿದರೂ ಮೂರು ಮೈಲಿ ಸುತ್ತಿ ಬರುತ್ತಿದ್ದರು. ಅವರ ಹಠ ಕುರುಡು ಹಠವಲ್ಲ.

ಆರು ತಿಂಗಳು ತಾರಸಿಯಲ್ಲಿ ಅಭ್ಯಾಸ ನಡೆಯಿತು. ಮಾತಿಲ್ಲದಿದ್ದರೂ ರೇಡಿಯೋದ ಗುಂಡಿ ಒತ್ತಿ ಬಿಟ್ಟರೆ ಆಚೆಯವರ ಕಿವಿಯಲ್ಲಿ ‘ಟಪ್’ ಎನ್ನುತ್ತದೆ. ಒಂದು ಟಪ್ ಅಂದರೆ ಹೌದು. ಎರಡು, ಇಲ್ಲ. ಮೂರು, ನಿಲ್ಲಿ. ಇನ್ನೊಂದು ರೇಡಿಯೋ ಅಡುಗೆಮನೆಯಲ್ಲಿ ತಂಗಿಯ ಕೈಗೆ. “ಕಾಫಿ ಬೇಕಾ?” ಟಪ್. “ಸಕ್ಕರೆ ಹಾಕ್ಲಾ?” ಟಪ್ ಟಪ್. ತಂಗಿ ನನ್ನನ್ನು ಕಂಡಾಗಲೆಲ್ಲ ರೇಗುತ್ತಿದ್ದರು: “ನಿಮ್ಮಿಂದ್ಲೇ ಇದೆಲ್ಲಾ. ಈ ವಯಸ್ಸಲ್ಲಿ, ಈ ಸ್ಥಿತೀಲಿ ಯಾರಾದ್ರೂ ಬೆಟ್ಟ ಸುತ್ತುತಾರಾ? ನೀವಾದ್ರೂ ಬುದ್ಧಿ ಹೇಳ್ಬಾರ್ದಾ?” ನಾನು ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ ಎಂಬುದು ಒಂದು. ನನಗೆ ಅವರು ಬರುವುದು ಬೇಕಾಗಿತ್ತು ಎಂಬುದು ಇನ್ನೊಂದು.

ಆದರೂ ನಾನು ಮಾಡಿದ್ದೇನು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಚಾಮರಾಜಪೇಟೆಯ ಒಂದು ದೋಸೆ ಹೋಟೆಲಿನಲ್ಲಿ ಗುಂಪು ಸೇರಿತ್ತು. ಅವರೂ ಬಂದಿದ್ದರು, ಕತ್ತಿಗೆ ನೀಟಾಗಿ ಬಿಳಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಹಲಗೆ ಮತ್ತು ರೇಡಿಯೋ. ಟೇಬಲ್ಲಿನ ಮೇಲೆ ಎರಡು ರೇಡಿಯೋ ಇಟ್ಟು ಟಪ್‌ಗಳ ಲೆಕ್ಕ ಎಲ್ಲರಿಗೂ ತೋರಿಸಿದರು. ನಾಯಕ ಕೇಳಿಸಿಕೊಂಡ. ಕಾಫಿ ಬಂದ ಮೇಲೆ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ಮೇಡಂ, ನಿಮ್ಮ ಬಗ್ಗೆ ನಮಗೆಲ್ಲಾ ತುಂಬಾ ಗೌರವ ಇದೆ. ಆದ್ರೆ ಹಿಂದಿನ ಬೈಕು ಅಂದ್ರೆ ಮಾತಾಡ್ಬೇಕಾಗುತ್ತೆ. ನಾಳೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು? ನೀವು ಗುಂಪಿಗೆ ಗೌರವ ಸಲಹೆಗಾರರಾಗಿರಿ. ಮನೇಲಿದ್ದೇ...”

ಅವರು ಬರೆದರು. ‘ಗೌರವ ಬೇಡ. ಒಂಬತ್ತು ಕೊಡಿ.’

“ಹಾಗಲ್ಲ ಮೇಡಂ...”

‘ನನ್ನ ಸಾವಿನ ಜವಾಬ್ದಾರಿ ನಂದು. ಬೇಕಾದ್ರೆ ಬರೆದುಕೊಡ್ತೀನಿ.’

“ಸರಿ, ಕೈ ಎತ್ತೋಣ,” ಎಂದ ನಾಯಕ. “ಮೇಡಂ ಬೈಕ್ ಓಡಿಸೋದು ಬೇಡ ಅನ್ನೋರು?”

ಐದು ಕೈ ಎದ್ದವು. ಐದನೆಯದು ನನ್ನದು. ಏಕೆ ಎತ್ತಿದೆ? ಅವರ ಕತ್ತಿನ ಬಟ್ಟೆ ಉಸಿರಿಗೆ ಒಳಕ್ಕೂ ಹೊರಕ್ಕೂ ಆಡುವುದನ್ನು ನೋಡಿ ಹೆದರಿದೆ. ಅವರ ಒಳ್ಳೆಯದಕ್ಕೇ ಎಂದುಕೊಂಡೆ. ಹೆದರಿದವರೆಲ್ಲ ಹಾಗೆಯೇ ಅಂದುಕೊಳ್ಳುವುದು. ಅವರು ಕೈಗಳನ್ನು ಒಂದೊಂದಾಗಿ ನೋಡಿದರು, ನನ್ನದನ್ನೂ. ಕಾಫಿ ಮುಗಿಸಿ ಎದ್ದು ಹೋದರು.

ಮುಂದಿನ ಭಾನುವಾರ, ಕನಕಪುರದಾಚೆ ಟಾರು ರಸ್ತೆ ಮುಗಿಯುವ ಚಹಾದಂಗಡಿಯ ಬಳಿ ನಾವು ಎಂಟು ಬೈಕು ನಿಲ್ಲಿಸಿದಾಗ, ಅವರು ಆಗಲೇ ಅಲ್ಲಿದ್ದರು. ಬೈಕಿನ ಮೇಲೆ ಕೂತು, ಒಂದು ಕಾಲನ್ನು ಮೈಲಿಗಲ್ಲಿನ ಮೇಲೆ ಊರಿ, ನಮ್ಮನ್ನೇ ನೋಡುತ್ತಿದ್ದರು.

“ಮೇಡಂ, ಇದು ಸರಿಯಲ್ಲ,” ಎಂದು ನಾಯಕ ಬಾಯಿ ತೆರೆಯುವಷ್ಟರಲ್ಲಿ ಹಲಗೆ ಎತ್ತಿ ಹಿಡಿದರು. ಮುಂಚೆಯೇ ಬರೆದಿಟ್ಟುಕೊಂಡಿದ್ದರು. ‘ರಸ್ತೆ ನಿಮ್ಮಪ್ಪಂದಾ?’

ನಾಯಕನ ಮುಖ ಕೆಂಪಾಯಿತು. ನಮ್ಮ ಕಡೆ ತಿರುಗಿ, “ಎಲ್ರೂ ಚಾನಲ್ ಬದಲಾಯಿಸ್ಕೊಳ್ಳಿ ಮಗಾ. ಎಂಟು ಬೇಡ, ಹದಿಮೂರಕ್ಕೆ ಹಾಕಿ. ಮಧ್ಯೆ ಮಧ್ಯೆ ಟಪ್ ಟಪ್ ಅಂದ್ರೆ ಕನ್‌ಫ್ಯೂಸ್ ಆಗುತ್ತೆ,” ಎಂದ. ಎಂಟು ಕೈಗಳು ಎಂಟು ಭುಜಗಳಿಗೆ ಹೋಗಿ ಗುಬುಟು ತಿರುಗಿಸಿದವು. ಅವರು ಅದನ್ನೂ ನೋಡಿದರು. ತಮ್ಮ ರೇಡಿಯೋವನ್ನು ಮುಟ್ಟಲಿಲ್ಲ. ನಾವು ಹೊರಟೆವು. ತುಸು ದೂರ ಬಿಟ್ಟು ಅವರ ಬೈಕಿನ ಸದ್ದು ಹಿಂದೆ ಬಂತು. ಆಮೇಲೆ ಗುಡ್ಡಗಳ ನಡುವೆ ಅದೂ ಕೇಳಿಸದಾಯಿತು.

ಹತ್ತು ಗಂಟೆಯ ಹೊತ್ತಿಗೆ ನಾನು ಬಿದ್ದೆ. ಬೂಟಿನೊಳಗೆ ಸೇರಿದ್ದ ಕಲ್ಲು ತೆಗೆಯಲು ನಿಂತಿದ್ದೆ. ಎಂಟನೆಯವನು ಕೈ ಬೀಸಿ ಮುಂದೆ ಹೋಗಿದ್ದ. ಅವನನ್ನು ಹಿಡಿಯುವ ಆತುರದಲ್ಲಿ ಉರುಟು ಕಲ್ಲಿನ ಇಳಿಜಾರಿನಲ್ಲಿ ಮುಂದಿನ ಬ್ರೇಕು ಒತ್ತಿದೆ. ಬೈಕೂ ನಾನೂ ಆಳೆತ್ತರದ ಕೊರಕಲಿಗೆ ಉರುಳಿದೆವು. ಎಚ್ಚರವಾದಾಗ ಎಡಗಾಲು ಬೈಕಿನ ಕೆಳಗೆ. ಪಾದ ನೋಯುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಭಯವಾಯಿತು. ಪೆಟ್ರೋಲಿನ ವಾಸನೆ. ಹನಿ ಹನಿಯಾಗಿ ಪ್ಯಾಂಟು ಒದ್ದೆಯಾಗುತ್ತಿತ್ತು.

“ನಾಲ್ಕು ಬಿದ್ದಿದೆ. ಒಂದು, ಕೇಳಿಸ್ತಾ? ನಾಲ್ಕು ಬಿದ್ದಿದೆ.” ಹದಿಮೂರರಲ್ಲಿ ಬರೀ ಮೌನ. ಅವರೆಲ್ಲ ಗುಡ್ಡದ ಆಚೆಗೆ ಇಳಿದಾಗಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಮತ್ತೆ ಮತ್ತೆ ಕರೆದೆ. ಆಮೇಲೆ ನಾಚಿಕೆ ಬಿಟ್ಟು ಗುಬುಟನ್ನು ಎಂಟಕ್ಕೆ ತಿರುಗಿಸಿದೆ. ಒತ್ತಿದೆ. ಉಸಿರು ತೆಗೆದುಕೊಂಡೆ.

“ನಾಲ್ಕು ಬಿದ್ದಿದೆ. ಒಂಬತ್ತು, ಕೇಳಿಸ್ತಿದೆಯಾ?”

ಟಪ್.

ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಸದ್ದು ಕೇಳಿಲ್ಲ.

“ಎಲ್ಲಿದ್ದೀನಿ ಗೊತ್ತಾ ಮೇಡಂ?”

ಟಪ್ ಟಪ್.

“ಕ್ವಾರಿ ಹತ್ರ ಎಡಕ್ಕೆ ತಿರುಗಿದ್ವಿ.” ಟಪ್. “ಆಮೇಲೆ ಒಂಟಿ ಹುಣಸೆಮರ. ಅದನ್ನ ದಾಟಿ ಇಳಿಜಾರು. ಬಲಗಡೆ ಕೊರಕಲು. ಅಲ್ಲೇ ಒಳಗೆ.” ಟಪ್.

“ಕಾಲು ಎಳ್ಕೊಳ್ಲಾ?”

ಟಪ್ ಟಪ್. ತಕ್ಷಣ ಬಂತು, ಬೈದ ಹಾಗೆ.

“ಪೆಟ್ರೋಲ್ ಸೋರ್ತಿದೆ ಮೇಡಂ...” ಉತ್ತರವಿಲ್ಲ. ಮತ್ತೆ ಹೇಳಿದೆ. ಉತ್ತರವಿಲ್ಲ. ಆಗ ಹೊಳೆಯಿತು: ಅವರು ಹೌದು, ಇಲ್ಲ ಮಾತ್ರ ಹೇಳಬಲ್ಲರು, ಪ್ರಶ್ನೆ ನಾನೇ ಕೇಳಬೇಕು. ಅಳು ನುಂಗಿ ಯೋಚಿಸಿದೆ. “ಪೆಟ್ರೋಲ್ ಬರೋ ನಲ್ಲಿ ಮುಚ್ಲಾ?” ಟಪ್. ಕೈ ಚಾಚಿ ಮುಚ್ಚಿದೆ. “ಕೀ ಆಫ್ ಮಾಡ್ಲಾ?” ಟಪ್. ಮಾಡಿದೆ. ಕೇಳಬೇಕಾದದ್ದೆಲ್ಲ ಮುಗಿದ ಮೇಲೆ ಕೇಳಬಾರದ್ದನ್ನು ಕೇಳಿದೆ. “ಬರ್ತಿದ್ದೀರಾ?” ಟಪ್. “ಖಂಡಿತ ಬರ್ತೀರಾ?” ಟಪ್. ನಾಲ್ಕು ಸಲ ಅದನ್ನೇ ಕೇಳಿರಬೇಕು. ನಾಲ್ಕು ಸಲವೂ, ಬೇಸರವಿಲ್ಲದೆ, ಟಪ್.

ಕೊರಕಲಿನ ಅಂಚಿನಲ್ಲಿ ಅವರ ಹೆಲ್ಮೆಟ್ ಕಾಣಿಸಿತು. ಕತ್ತಿನ ಬಿಳಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಳಗಿಳಿದವರು ಮೊದಲು ಮಾಡಿದ್ದು ಪಕ್ಕಕ್ಕೆ ತಿರುಗಿ ಕೆಮ್ಮಿದ್ದು. ದನಿಯಿಲ್ಲದ ಕೆಮ್ಮು, ಇಡೀ ಮೈ ಅಲುಗುತ್ತಿತ್ತು, ಕತ್ತಿನಿಂದ ಗಾಳಿ ಮಾತ್ರ ಬುಸ್ಸೆನ್ನುತ್ತಿತ್ತು. ನಾಯಕ ಹೇಳಿದ್ದರಲ್ಲಿ ಸತ್ಯವೂ ಇತ್ತು ಎಂಬುದು ನನಗೆ ಆಗ ಕಂಡಿತು. ಆದರೆ ಅವರು ಬಂದಿದ್ದರು. ಬಟ್ಟೆ ಬದಲಾಯಿಸಿಕೊಂಡು, ನನ್ನ ಅಂಗಡಿಯ ಹಗ್ಗವನ್ನು ಬೈಕಿಗೆ ಬಿಗಿದು, ಮೇಲಿನ ಜಾಲಿಮರಕ್ಕೆ ಒಂದು ಸುತ್ತು ಹಾಕಿ, ಇನ್ನೊಂದು ತುದಿಯನ್ನು ತಮ್ಮ ಬೈಕಿಗೆ ಕಟ್ಟಿ, ಅಂಗುಲ ಅಂಗುಲವಾಗಿ ಎಳೆದರು. ಕಾಲು ಬಿಡಿಸಿಕೊಂಡೆ. ಆಗ ನೋವು ಬಂತು, ಒಟ್ಟಿಗೆ.

“ಉಳಿದವ್ರು ಹದಿಮೂರರಲ್ಲಿದ್ದಾರೆ,” ಎಂದೆ, ಅವರ ಮುಖ ನೋಡದೆ. ಅವರು ನನಗೆ ನೀರು ಕುಡಿಸಿ, ಬೈಕು ಹತ್ತಿ, ಗುಡ್ಡದ ನೆತ್ತಿಗೆ ಹೋಗಿ ಹದಿಮೂರರಲ್ಲಿ ಒತ್ತಿದರಂತೆ. ಮೂರು ಟಪ್. ಬಿಟ್ಟು, ಮತ್ತೆ ಮೂರು. ಯಾವುದೋ ಅಡಚಣೆ ಎಂದುಕೊಂಡು ನಾಯಕ ಮುಂದೆ ಹೋಗುತ್ತಲೇ ಇದ್ದನಂತೆ. ಎರಡನೆಯವನು ಕೇಳಿದ್ದು: “ಮಚ್ಚಾ, ಮೂರು ಅಂದ್ರೆ ನಿಲ್ಲಿ ಅಲ್ವಾ?”

ಎಲ್ಲರೂ ಬಂದರು. ನನ್ನನ್ನು ಎತ್ತಿ ಮೇಲೆ ತಂದರು. ನಾಯಕ ಹೆಲ್ಮೆಟ್ ತೆಗೆದು ಅವರ ಮುಂದೆ ನಿಂತ. “ಥ್ಯಾಂಕ್ಸ್ ಮೇಡಂ. ಮುಂದಿನ ವಾರದಿಂದ ಒಂಬತ್ತು ನಿಮ್ದೇ.” ಅವನು ಮನಸ್ಸಿನಿಂದಲೇ ಹೇಳಿದ, ಅವನನ್ನು ಕೆಟ್ಟವನೆಂದು ನಾನು ಬರೆಯಲಾರೆ. ಅವರು ಬಹಳ ಹೊತ್ತು ಬರೆದರು. ‘ಬೇಡ. ನಿಮ್ಮ ನಂಬರ್ ನೀವೇ ಇಟ್ಕೊಳ್ಳಿ. ಕೊಟ್ಟಿದ್ದನ್ನ ಮತ್ತೆ ಕಿತ್ಕೋತೀರ. ನಾನು ಹಿಂದೆ ಬರ್ತೀನಿ. ನಿಮ್ಮ ಅಪ್ಪಣೆ ಕೇಳಲ್ಲ.’

ನನಗೆ ಕಾಲಿನ ಗಂಟಿನ ಮೂಳೆ ಮುರಿದಿತ್ತು. ಆರು ವಾರ ಮನೆಯಲ್ಲಿ. ಒಂದು ದಿನ ನೋಡಲು ಬಂದರು. “ಕೈ ಎತ್ತಿದ್ದಕ್ಕೆ ಕ್ಷಮಿಸಿ,” ಎಂದೆ. ಹಲಗೆ ತೆಗೆದು ಬರೆದರು: ‘ಕ್ಷಮೆ ಕೇಳಿದ್ರೆ ನಿಮಗೆ ಹಗುರ. ನನಗೇನು? ಇನ್ನೊಂದ್ಸಲ ಎತ್ತೋಕೆ ಮುಂಚೆ ಯೋಚನೆ ಮಾಡಿ.’ ಓದಿ ಮುಗಿಸಿದೆನೋ ಇಲ್ಲವೋ ನೋಡಿ ಅಳಿಸಿದರು. ಆಮೇಲೆ ನನ್ನ ಹೆಂಡತಿ ಕೊಟ್ಟ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಹೀಗೆ ಮೂರು ವರ್ಷ.

ಯಾವ ಗುಂಪಿಗೂ ಸೇರದೆ, ನಮ್ಮ ಹಿಂದೆ, ನಮ್ಮ ಧೂಳು ಕೂರುವಷ್ಟು ದೂರದಲ್ಲಿ ಅವರು ಬಂದರು. ಚಾನಲ್ಲನ್ನು ಮತ್ತೆ ಯಾರೂ ಬದಲಾಯಿಸಲಿಲ್ಲ. ಒಮ್ಮೆ ದಾರಿಯಲ್ಲಿ ಪೊಲೀಸಿನವರೊಬ್ಬರು ತಡೆದು ಕಾಗದಪತ್ರ ಕೇಳಿದಾಗ ಹಲಗೆಯಲ್ಲಿ ಉತ್ತರ ಬರೆದರು. ಆತ ಪಾಪ, ತಾನೂ ಹಲಗೆ ಇಸಿದುಕೊಂಡು ‘ಲೈಸೆನ್ಸ್ ತೋರಿಸಿ’ ಎಂದು ಬರೆದ. ಇವರು ಅದರ ಕೆಳಗೆ, ‘ನೀವು ಮಾತಾಡಬಹುದು. ನಿಮ್ಮ ಗಂಟಲು ಚೆನ್ನಾಗಿದೆಯಲ್ಲ?’ ಎಂದು ಬರೆದರು. ಆತ ನಕ್ಕು ಬಿಟ್ಟುಕಳಿಸಿದ.

ಕಳೆದ ವರ್ಷ ಕಾಯಿಲೆ ಮರಳಿತು, ಈ ಸಲ ಶ್ವಾಸಕೋಶಕ್ಕೆ. ಧೂಳು ಕುಡಿದದ್ದಕ್ಕೇ ಹೀಗಾಯಿತು ಎಂದರು ಕೆಲವರು. ನಾನು ಡಾಕ್ಟರನ್ನೇ ಕೇಳಿದೆ. “ಅದು ಧೂಳಿನಿಂದ ಬಂದದ್ದಲ್ಲ, ಹಳೆಯದೇ ಹರಡಿದ್ದು. ಮನೆಯಲ್ಲಿ ಕೂತಿದ್ದರೂ ಬರುತ್ತಿತ್ತು,” ಎಂದರು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗವಿಪುರದ ಗೋಡೆಗಳಿಗೆಲ್ಲ ಅಂಟಿಸಬೇಕೆನ್ನಿಸಿತ್ತು.

ಬೈಕು ಎತ್ತಲಾರದಷ್ಟು ನಿಶ್ಶಕ್ತಿ ಬಂದ ದಿನ ಅವರೇ ಕೀಲಿಯನ್ನು ತೆಗೆದಿಟ್ಟರು. ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಏಳು ವಾರ ಬದುಕಿದ್ದರು. ಒಂದು ಬೆಳಿಗ್ಗೆ, ತಂಗಿ ಹಾಲು ಕಾಯಿಸಲು ಹೋಗಿದ್ದ ಹೊತ್ತಿನಲ್ಲಿ, ಹೋದರು.

ಓಣಿಯ ತುಂಬ ಜನ. ನಂಟರಲ್ಲಿ ಒಬ್ಬಾಕೆ ಬಾಗಿಲಲ್ಲಿ ನಿಂತು, “ತೆಪ್ಪಗೆ ಮನೇಲಿದ್ದಿದ್ರೆ ಇನ್ನೂ ನಾಕು ವರ್ಷ ಇರ್ತಿದ್ಲು,” ಎಂದಳು. ಇಷ್ಟು ವರ್ಷ ಅದನ್ನೇ ಹೇಳುತ್ತ ಬಂದಿದ್ದ ತಂಗಿ ತಲೆಯೆತ್ತಿದರು. “ಇದ್ದಿದ್ದು ಸಾಕಮ್ಮಾ. ಚೆನ್ನಾಗೇ ಇದ್ಲು. ನೀವು ಆಚೆ ಬನ್ನಿ, ಗಾಳಿ ಬರ್ಲಿ,” ಎಂದರು.

ಅಷ್ಟರಲ್ಲಿ ನಾಯಕ ಬಂದ. ಆಳೆತ್ತರದ ಗುಲಾಬಿ ಹಾರವನ್ನು ಇಬ್ಬರು ಹಿಡಿದು ತಂದರು. ಹಾರಕ್ಕೆ ಅಡ್ಡಲಾಗಿ ಅಗಲವಾದ ರಿಬ್ಬನ್. ಅದರ ಮೇಲೆ ಚಿನ್ನದ ಅಕ್ಷರದಲ್ಲಿ ಗುಂಪಿನ ಹೆಸರು, ಅದರ ಕೆಳಗೆ ‘ನಮ್ಮ ಹೆಮ್ಮೆಯ ಸದಸ್ಯೆ’ ಎಂದು. ತಂಗಿ ಎದ್ದು ಹತ್ತಿರ ಬಂದು ಅದನ್ನು ನಿಧಾನವಾಗಿ, ತುಟಿ ಅಲುಗಿಸುತ್ತಾ ಓದಿದರು. ಒಳಗೆ ಹೋಗಿ ಕತ್ತರಿ ತಂದರು. ರಿಬ್ಬನ್ನನ್ನು ಎರಡೂ ಕಡೆ ಕತ್ತರಿಸಿ, ಅಕ್ಷರ ಮುಕ್ಕಾಗದ ಹಾಗೆ ಅಚ್ಚುಕಟ್ಟಾಗಿ ಮಡಿಸಿ ಅವನ ಕೈಗೆ ಕೊಟ್ಟರು.

“ಹೂವು ಇರ್ಲಿ. ಇದನ್ನ ನೀವು ತಗೊಳ್ಳಿ. ಅವಳು ನಿಮ್ಮ ಸದಸ್ಯೆ ಆಗಿರ್ಲಿಲ್ಲ.”

ನಾಯಕ ಮಡಿಸಿದ ರಿಬ್ಬನ್ ಹಿಡಿದು ಹಾಗೆಯೇ ನಿಂತಿದ್ದ. ಹೊರಡುವ ಹೊತ್ತಾಗಿತ್ತು, ನಾನೂ ಗುಂಪಿನ ಇನ್ನಿಬ್ಬರೂ ಚಟ್ಟದ ಮೂರು ಮೂಲೆಗೆ ನಿಂತಿದ್ದೆವು. ನಾಲ್ಕನೆಯ ಮೂಲೆ ಖಾಲಿ ಇತ್ತು. ತಂಗಿ ಅದನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು.

“ಹೆಗಲು ಕೊಡೋ ಹಾಗಿದ್ರೆ ಕೊಡಿ,” ಎಂದರು.

ಅವನು ರಿಬ್ಬನ್ನನ್ನು ಜೇಬಿಗೆ ತುರುಕಿ, ಅಲ್ಲೇ ಬಗ್ಗಿ ಬೂಟು ಬಿಚ್ಚಿ, ಬರಿಗಾಲಲ್ಲಿ ಮುಂದೆ ಬಂದ.